ಬೆನ್ನಿನ ಫೋಟೋಗಳು

"ಅಕ್ಕಾ, ಬರೀ ಬೆನ್ನೇ ಐತಲ್ಲ!" ಫೋನಿನ ಮೇಲೆ ಬೆರಳು ಸರಿಸುತ್ತಾ ರಶ್ಮಿ ನಕ್ಕಳು. "ಒಬ್ಬ ಮದುವೆಹೆಣ್ಣಿಗೂ ಮುಖ ಇಲ್ಲ ಕಣಕ್ಕ."

"ಜಡೆ ಇರೋದು ಬೆನ್ನ ಮ್ಯಾಲೇ ಅಲ್ವೇನೇ? ಮುಖ ಕಟ್ಕೊಂಡು ನನಗೇನಾಗ್ಬೇಕು?" ಬಾಳೆಪಟ್ಟೆಗೆ ಮಲ್ಲಿಗೆ ಮೊಗ್ಗು ಹೊಲಿಯುತ್ತಿದ್ದ ಶಿವಲೀಲಾ ತಲೆ ಎತ್ತದೆ ಹೇಳಿದಳು.

ಆಂಧ್ರದ ಗಡಿಯ ಕಲ್ಯಾಣದುರ್ಗದಲ್ಲಿ ಮೊಗ್ಗಿನ ಜಡೆ ಎಂದರೆ ಶಿವಲೀಲಾಳೇ ಆಗಬೇಕು. ಎಷ್ಟು ಚೆಂದ ಕಟ್ಟಿದರೇನು, ಸಂಜೆಗೆ ಬಾಡಿ ಮರುದಿನ ತಿಪ್ಪೆಗೆ ಹೋಗುವ ಕೆಲಸ. ಉಳಿಯುವುದು ಫೋಟೋ ಮಾತ್ರ. ಆ ಫೋಟೋಗಳಿಗೆ ಈಗ ಬೆಲೆ ಬಂದದ್ದು ಹಿಂದೂಪುರದ ದ್ರಾಕ್ಷಾಯಣಮ್ಮನಿಂದ. ಅಲ್ಲಿ ಬ್ಯೂಟಿಷಿಯನ್ ತರಬೇತಿ ಕೇಂದ್ರ ನಡೆಸುವ ಆಕೆ ಹೂಜಡೆ ಕಲಿಸುವ ಟೀಚರ್ ಕೆಲಸಕ್ಕೆ ಸರ್ಟಿಫಿಕೇಟ್ ಕೇಳಲಿಲ್ಲ, ಡಿಜಿಟಲ್ ಪೋರ್ಟ್‌ಫೋಲಿಯೋ ಕೇಳಿದಳು. ಮಾಡಿದ ಕೆಲಸದ ಫೋಟೋಗಳು, ಪ್ರತಿಯೊಂದರ ಕೆಳಗೆ ಅದರಿಂದ ಏನು ಕಲಿತೆ ಎಂಬ ಒಂದು ಸಾಲು, ಜೊತೆಗೆ ಮದುವೆಮನೆಯಲ್ಲಿ ಜಡೆ ಕಟ್ಟುತ್ತಿರುವ ಶಿವಲೀಲಾಳದೇ ಒಂದು ಫೋಟೋ.

ಶಿವಲೀಲಾಳಿಗೆ ಆ ಕೆಲಸ ಬೇಕೇ ಬೇಕಿತ್ತು. ಊರಿನವರ ಮದುವೆಗೆಲ್ಲ ಹೋಗಿ, ಕಂಡಕಂಡವರಿಂದ "ನಿಂದು ಯಾವಾಗಮ್ಮ?" ಎನ್ನಿಸಿಕೊಂಡು ಸಾಕಾಗಿಹೋಗಿತ್ತು. ಹಿಂದೂಪುರದಲ್ಲಾದರೆ ಅವಳು ಟೀಚರ್. ಯಾರ ಮದುವೆಯ ಕೋಣೆಗೂ ಕಾಲಿಡಬೇಕಿಲ್ಲ.

ತಮ್ಮನ ಹೆಂಡತಿ ರಶ್ಮಿ ಪೆನುಕೊಂಡದ ಕಡೆಯವಳು, ಕಂಪ್ಯೂಟರ್ ಕಲಿತವಳು. ಅವಳೇ ಮುಂದೆ ನಿಂತು ಎಲ್ಲ ಜೋಡಿಸುತ್ತಿದ್ದಳು. ಮೊದಮೊದಲ ಸೊಟ್ಟ ಜಡೆಗಳನ್ನು ಅಳಿಸಹೊರಟಾಗ ಶಿವಲೀಲಾ ತಡೆದಳು. "ಇರ್ಲಿ ಬಿಡೆ. ಅದ್ರಾಗೇ ಕಲ್ತಿದ್ದು." ಅವಳು ಹೇಳುತ್ತಾ ಹೋದಂತೆ ರಶ್ಮಿ ಬರೆದಳು: ಅರಳಿದ ಹೂ ಬೇಡ, ಮೊಗ್ಗೇ ಬೇಕು. ಪಟ್ಟೆ ದಪ್ಪವಾದರೆ ಮದುಮಗಳ ಕತ್ತು ನೋಯುತ್ತದೆ.

"ಈಗ ನಿನ್ ಫೋಟೋ ಒಂದೇ ಬಾಕಿ. ಮೂಢ ಮುಗಿದು ಮುಹೂರ್ತ ಬರೋಗಂಟ ಮದ್ವೆ ಇಲ್ವಲ್ಲಕ್ಕ, ಎಲ್ಲಿಂದ ತರಾನ?" ರಶ್ಮಿ ಯೋಚಿಸಿದಳು. "ಕಂಬದೂರಿನ ಪದ್ಮಲತಾ ಮದ್ವೆ ಜಡೆ ಅಂತ ಊರೆಲ್ಲಾ ಈಗ್ಲೂ ಮಾತಾಡ್ತಾರೆ. ಅವರತ್ರ ಇದ್ದೇ ಇರ್ತೈತೆ, ಕೇಳು."

ಶಿವಲೀಲಾಳ ಸೂಜಿ ನಿಂತಿತು.

ಪದ್ಮಲತಾಳ ಗಂಡ ಚಂದ್ರಮೋಹನ್. ಡಿಗ್ರಿ ಓದುವಾಗ ಅವನೂ ಶಿವಲೀಲಾಳೂ ಒಂದೇ ಕಾಲೇಜು. ಇವಳದು ವ್ಯಾಪಾರದ ಲಿಂಗಾಯತರ ಮನೆ, ಅವನದು ಒಕ್ಕಲುತನದ ಮನೆ. ಎರಡೂ ಕಡೆ ಒಪ್ಪುವುದಿಲ್ಲವೆಂದು ಗೊತ್ತಿದ್ದೇ ಹಚ್ಚಿಕೊಂಡಿದ್ದರು, ಗೊತ್ತಿದ್ದೇ ಬಿಟ್ಟರು. ಇದೊಂದೂ ತಿಳಿಯದ ಶಿವಲೀಲಾಳ ಅವ್ವ ಸುವರ್ಣಮ್ಮ ಅವನ ಮದುವೆಯ ಜಡೆಗೆ ಒಪ್ಪಿಕೊಂಡು ವೀಳ್ಯ ಹಿಡಿದು ಬಂದಿದ್ದಳು. ಆಗಲ್ಲ ಎಂದರೆ ಕಾರಣ ಹೇಳಬೇಕಾಗುತ್ತಿತ್ತು. ಶಿವಲೀಲಾ ಹೋದಳು, ಕಟ್ಟಿದಳು, ಬಂದಳು.

ಪದ್ಮಲತಾಳ ನಂಬರ್ ಅವಳ ಬಳಿ ಇರಲಿಲ್ಲ. ಅವನದು ಇತ್ತು. "ಮದುವೆಯಲ್ಲಿ ನಾನು ಜಡೆ ಕಟ್ಟುತ್ತಿರುವ ಫೋಟೋ ಇದ್ದರೆ ಕಳಿಸಿ. ಕೆಲಸಕ್ಕೆ ಬೇಕು" ಎಂದು ಬರೆದಳು. ಹೆಂಡತಿಯನ್ನು ಕೇಳಿ, ಆಲ್ಬಂ ಹುಡುಕಿ, ನಾಳೆಯೋ ನಾಡಿದ್ದೋ ಕಳಿಸಿಯಾನು ಎಂದುಕೊಂಡಿದ್ದಳು. ಫೋನ್ ಕೆಳಗಿಡುವಷ್ಟರಲ್ಲಿ ಫೋಟೋ ಬಂತು.

ಪದ್ಮಲತಾ ತಲೆ ತಗ್ಗಿಸಿ ಕೂತಿದ್ದಾಳೆ. ಹಿಂದೆ ನಿಂತ ಶಿವಲೀಲಾಳ ಕೈಗಳು ಜಡೆಯ ಮೇಲಿವೆ, ಕಣ್ಣುಗಳು ಮಾತ್ರ ಎದುರಿನ ಕನ್ನಡಿಯೊಳಗಿಂದ ನೇರವಾಗಿ ನೋಡುತ್ತಿವೆ. ಅಂದು ಮದುಮಗಳದೊಂದು ಫೋಟೋ ಬೇಕೆಂದು ನೆವ ಹೇಳಿಕೊಂಡು ಅವನು ಬಾಗಿಲಿಗೆ ಬಂದು ಫೋನಿನಲ್ಲಿ ತೆಗೆದಿದ್ದ. "ಪೋರಾ ಅವತಲಿಕಿ! ತಾಳಿ ಕಟ್ಟೋಗಂಟಾನಾದ್ರೂ ತಡ್ಕಳ್ಳಲಾ" ಎಂದು ಅತ್ತೆಯರು ತೆಲುಗು ಬೆರೆಸಿ ಗದರಿ, ಆಚೆ ಓಡಿಸಿದ್ದರು. ತನ್ನ ಮುಖದಲ್ಲಿ ಏನೂ ಕಾಣಿಸಿರಲಿಕ್ಕಿಲ್ಲ ಎಂದು ಅವಳು ಇಷ್ಟು ದಿನ ನಂಬಿದ್ದಳು. ಎಲ್ಲವೂ ಕಾಣುತ್ತಿತ್ತು.

ಅವನು ಏನೋ ಬರೆಯುತ್ತಿರುವ ಗುರುತು ಫೋನಿನಲ್ಲಿ ಮೂಡಿತು, ಅಳಿಯಿತು, ಮತ್ತೆ ಮೂಡಿತು. ಶಿವಲೀಲಾ ಕಾದಳು. ಒಂದು ಮಾತು ಬಂದರೆ ಸಾಕು ಎಂದು ಮನಸ್ಸು ಹಂಬಲಿಸಿತು, ಹಾಗೆ ಹಂಬಲಿಸಿದ್ದಕ್ಕೆ ನಾಚಿಕೆಯೂ ಆಯಿತು. ಮಾತು ಬರಲಿಲ್ಲ.

"ಅಬ್ಬಾ, ಎಷ್ಟ್ ಲಕ್ಷಣವಾಗಿ ಬಿದ್ದೀಯಕ್ಕ!" ರಶ್ಮಿ ಇಣುಕಿದಳು. "ಇದ್ರ ಕೆಳಗೆ ಏನ್ ಬರೀಲಿ?"

"ಖಾಲಿ ಬಿಡು."

ಹಿಂದೂಪುರದಲ್ಲಿ ದ್ರಾಕ್ಷಾಯಣಮ್ಮ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಕಂಪ್ಯೂಟರಿನಲ್ಲಿ ನೋಡಿದಳು. ಸೊಟ್ಟ ಜಡೆ ಕಂಡು ನಕ್ಕಳು, ಬರೆದದ್ದನ್ನು ಓದಿ ತಲೆಯಾಡಿಸಿದಳು. ಕನ್ನಡಿಯ ಫೋಟೋ ಬಂದಾಗ ಕೈ ತಡೆದಳು. "ಬಾಗುಂದಮ್ಮಾ, ಚೆನ್ನಾಗೈತೆ. ಎಲ್ಲಾದ್ಕೂ ಬರ್ದು ಇದೊಂದ್ಕೆ ಯಾಕೆ ಬರ್ದಿಲ್ಲ? ಇದ್ರಾಗೆ ಏನ್ ಕಲ್ತೆ?"

ಶಿವಲೀಲಾ ಆ ಪರದೆಯಲ್ಲಿ ದೊಡ್ಡದಾಗಿ ಕಾಣುತ್ತಿದ್ದ ತನ್ನದೇ ಕಣ್ಣುಗಳನ್ನು ನೋಡಿದಳು. "ಕೈ ನಡುಗದಂಗೆ ಕಟ್ಟೋದು ಕಣಮ್ಮ."

"ಒಳ್ಳೇ ಪಾಯಿಂಟು." ದ್ರಾಕ್ಷಾಯಣಮ್ಮ ತಾನೇ ಅದನ್ನು ಟೈಪು ಮಾಡಿದಳು. "ಹುಡ್ಗೀರ್ಗೆ ಮೊದ್ಲು ಅದೇ ಹೇಳ್ಕೊಡು. ಸೋಮವಾರದಿಂದ ಬಾ. ಈಗ ಒಂದ್ಸಲ ಕಟ್ಟಿ ತೋರ್ಸು ನೋಡಾನ."

ಶಿರೀಷಾ ಎಂಬ ಹುಡುಗಿ ಬಂದು ದೊಡ್ಡ ಕನ್ನಡಿಯ ಮುಂದೆ ಕೂತಳು. ಶಿವಲೀಲಾ ತಂದಿದ್ದ ಒದ್ದೆ ಬಟ್ಟೆಯ ಗಂಟು ಬಿಚ್ಚಿ ಮೊಗ್ಗಿನ ಪಟ್ಟೆ ತೆಗೆದಳು. ಅವಳ ಹಿಂದೆ ಹೋಗಿ ನಿಂತವಳು, ಕುರ್ಚಿಯನ್ನು ಹಿಡಿದು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿದಳು.

"ಮೇಡಂ, ಕನ್ನಡಿ ಕಾಣಲ್ಲ."

"ಜಡೆ ಇರೋದು ಬೆನ್ನ ಮ್ಯಾಲೆ ಕಣಮ್ಮ," ಎಂದು ಶಿವಲೀಲಾ ಆ ಹುಡುಗಿಯ ಕೂದಲನ್ನು ಕೈಗೆ ತೆಗೆದುಕೊಂಡಳು.