ಮಾಲಿನಿಗೊಂದು ಟ್ರಸ್ಟ್

ಮರಳೂರಿನ ಮನೆಯ ಹಜಾರದಲ್ಲಿ ಸರ್ವಮಂಗಳಮ್ಮ ಮಗಳು ಮಾಲಿನಿಯ ಜೊತೆ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದರು. ಮಾಲಿನಿಗೆ ಮೂವತ್ತನಾಲ್ಕು ವರ್ಷ. ಬುದ್ಧಿ ಮಾತ್ರ ಏಳೆಂಟು ವರ್ಷದ ಮಗುವಿನದು. ಅವರೆಕಾಳು ಹಿದುಕುವುದರಲ್ಲಿ ಅವಳು ಅಮ್ಮನನ್ನೂ ಮೀರಿಸುತ್ತಿದ್ದಳು.

ಗುಬ್ಬಿಗೆ ಹೋಗಿದ್ದ ಗಂಡ ಮಹಾದೇವಯ್ಯ ಬಂದವರೇ, "ಈ ಮನೇನೂ ಕೆಳಗಿನ ಎರಡು ಮಳಿಗೇನೂ ಟ್ರಸ್ಟ್ ಮಾಡ್ಬಿಡ್ತೀನಿ ಕಣೇ" ಎಂದರು.

ಆ ಮನೆಯಲ್ಲಿ ಟ್ರಸ್ಟ್ ಎಂದರೆ ಮಠ, ಅಷ್ಟೇ. ಮಠದ ಶಾಲೆಗೂ ಹಾಸ್ಟೆಲಿಗೂ ಟ್ರಸ್ಟ್ ಎಂದೇ ಬೋರ್ಡು. ಸರ್ವಮಂಗಳಮ್ಮನ ಕೈ ನಿಂತಿತು. ದಾಸೋಹಕ್ಕೆ ವರ್ಷವೂ ಅಕ್ಕಿ ಮೂಟೆ ಕಳಿಸುವ ಹೆಂಗಸು ಆಕೆ. ಆದರೆ ಮನೆಯನ್ನೇ ಕೊಟ್ಟುಬಿಟ್ಟರೆ ತಮ್ಮ ನಂತರ ಮಾಲಿನಿ ಎಲ್ಲಿಗೆ ಹೋಗಬೇಕು?

"ಸ್ವಾಮಿಗಳು ಕೇಳಿದ್ರಾ?"

"ಯಾರೂ ಕೇಳಿಲ್ಲ. ಗುಬ್ಬೀಲಿ ಒಬ್ರು ಲಾಯರಮ್ಮ ಭಾಷಣ ಮಾಡಿದ್ರು. ನಾಳೆ ಬರ್ತಾರೆ" ಎಂದು ಮಹಾದೇವಯ್ಯ ಸ್ನಾನಕ್ಕೆ ಹೋದರು. ಜೀವಮಾನವೆಲ್ಲ ಸಗಟು ವ್ಯಾಪಾರ ಮಾಡಿದ ಈ ಮನುಷ್ಯ ಹೆಂಡತಿಯ ಜೊತೆ ಮಾತಾಡುವುದು ಮಾತ್ರ ಚಿಲ್ಲರೆಯಲ್ಲಿ.

ಆಕೆ ಕುಣಿಗಲ್‌ನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದ ಮಗ ಸೋಮಶೇಖರನಿಗೆ ಫೋನ್ ಮಾಡಿದರು. "ಸೋಮು, ನಿಮ್ಮಪ್ಪ ಮನೇನ ಮಠಕ್ಕೆ ಬರೀತಾವ್ರೆ."

ಮರುದಿನ ಸೋಮಶೇಖರ ಬಂದಾಗ ವಕೀಲೆ ಅಪರ್ಣ ಆಗಲೇ ಬಂದು ಕೂತಿದ್ದರು. ಸರ್ವಮಂಗಳಮ್ಮನ ಭಯ ಕೇಳಿ ಅವರು ನಗಲಿಲ್ಲ.

"ಇದು ಮಠದ ಟ್ರಸ್ಟ್ ಅಲ್ಲಮ್ಮ. ಮನೆಯವರಿಗೋಸ್ಕರನೇ ಮಾಡೋ ಖಾಸಗಿ ಟ್ರಸ್ಟ್. ಮಳಿಗೆ ಬಾಡಿಗೆ ಮಾಲಿನಿ ಖರ್ಚಿಗೆ ಮಾತ್ರ. ನೋಡ್ಕೊಳ್ಳೋ ಟ್ರಸ್ಟಿ ನಿಮ್ಮ ಮಗಾನೇ. ಆದ್ರೆ ತಮಗೋಸ್ಕರ ಅಂತ ಅವರು ಮಾರೋ ಹಾಗಿಲ್ಲ."

ತಾಯಿಗೆ ಹೋದ ಜೀವ ಬಂದಂತಾಯಿತು. ಮಗನ ಮುಖ ಕೆಂಪಾಯಿತು.

"ಒಡಹುಟ್ಟಿದೋಳಿಗೆ ಅನ್ನ ಹಾಕೋಕೆ ನನಗೆ ಪತ್ರ ಬೇಕಾ? ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಅಪ್ಪಾ?" ಅವನ ದನಿ ಏರಿತು. ಮಾಲಿನಿ ಅಮ್ಮನ ಸೆರಗು ಹಿಡಿದುಕೊಂಡಳು.

"ನಿನ್ನ ಮೇಲಿದೆ ಕಣೋ. ಆಯಸ್ಸಿನ ಮೇಲಿಲ್ಲ" ಎಂದರು ಮಹಾದೇವಯ್ಯ.

ಅಪರ್ಣ ಮೆಲ್ಲಗೆ ಕೇಳಿದರು: "ಸರ್, ನಿಮಗೆ ವಯಸ್ಸೆಷ್ಟು?"

"ನಲವತ್ತೇಳು."

ಮಾಲಿನಿಗಿಂತ ಹದಿಮೂರು ವರ್ಷ ದೊಡ್ಡವನು. ದಿನವೂ ಮಕ್ಕಳಿಗೆ ಗಣಿತ ಹೇಳಿಕೊಡುವ ಮೇಷ್ಟ್ರು ಈ ಒಂದು ಕಳೆಯುವ ಲೆಕ್ಕವನ್ನು ಇಷ್ಟು ವರ್ಷ ಮಾಡಿಯೇ ಇರಲಿಲ್ಲ. ತಾನು ಇಲ್ಲದ ಮನೆಯಲ್ಲಿ ತಲೆ ನರೆತ ಮಾಲಿನಿ ಒಬ್ಬಳೇ ಕೂತಂತೆ ಕಂಡು ಅವನಿಗೆ ಸಂಕಟವಾಯಿತು.

"ನನ್ನ ನಂತರ ಮಗಳು ಕಾವ್ಯ ಟ್ರಸ್ಟಿ ಆಗಬಹುದಾ?" ಎಂದ, ತಗ್ಗಿದ ದನಿಯಲ್ಲಿ. "ಆದ್ರೆ ಅವಳನ್ನ ಒಂದು ಮಾತು ಕೇಳ್ಬೇಕು."

"ಕೇಳಿ. ಇವರನ್ನ ಕೇಳಿದೀರಾ?" ಅಪರ್ಣ ಮಾಲಿನಿಯ ಕಡೆ ತಿರುಗಿದರು.

ಯಾರೂ ಕೇಳಿರಲಿಲ್ಲ. ಅವಳನ್ನು ಕೇಳಬೇಕೆಂಬುದೇ ಯಾರಿಗೂ ಹೊಳೆದಿರಲಿಲ್ಲ.

"ಮಾಲಿನಿ, ಅಪ್ಪ ನಿಮಗೋಸ್ಕರ ಒಂದು ಪತ್ರ ಬರೆಸ್ತಿದಾರೆ. ಅದ್ರಲ್ಲಿ ಏನು ಬರೀಲಿ?"

ಮಾಲಿನಿ ಅಮ್ಮನ ಸೆರಗು ಬಿಟ್ಟಳು.

"ನಾನು ಇಲ್ಲೇ ಇರ್ತೀನಿ" ಎಂದಳು. ಅಣ್ಣನ ಮುಖ ನೋಡಿ ಸೇರಿಸಿದಳು: "ಸೋಮಣ್ಣ ಬರ್ಬೇಕು. ರೇಗ್ಬಾರ್ದು."

ಅಪರ್ಣ ಮೊದಲನೆಯದನ್ನು ಬರೆದುಕೊಂಡು ಪೆನ್ನು ನಿಲ್ಲಿಸಿದರು. ಸೋಮಶೇಖರ ಕನ್ನಡಕ ತೆಗೆದು ಒರೆಸಿಕೊಂಡ.

"ಅದನ್ನೂ ಬರ್ಕೊಳ್ಳಿ ಮೇಡಂ" ಎಂದ. "ಸೈನ್ ಮಾಡ್ತೀನಿ."