ಫಕ್ಕೀರಪ್ಪನ ದನಿ ಹೊರಲು ಬಂದ ಕೇಬಲ್ಲು

ನಾನು ಒಂದು ಯುಎಸ್‌ಬಿ ಕೇಬಲ್ಲು. ನಾನು ಹುಟ್ಟಿದ ದಿನ ಸಮುದ್ರದ ತಳದಲ್ಲಿ ಮಲಗಿದ್ದ ಕೇಬಲ್ಲುಗಳೆಲ್ಲ ಎದ್ದು ನಿಂತು ಕೈಮುಗಿದವು. ಅರ್ಧ ಗಂಟೆ ಭೂಮಿ ತಿರುಗುವುದನ್ನೇ ಮರೆತು ನನ್ನನ್ನು ನೋಡುತ್ತ ನಿಂತಿತ್ತು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನಂತೂ ಕಣ್ಣಾರೆ ಕಂಡವನು.

ಕಾರ್ಖಾನೆಯಲ್ಲಿ ತಾಮ್ರಕ್ಕೆ ಬಿಳಿ ರಬ್ಬರಿನ ಅಂಗಿ ತೊಡಿಸಿ, ಎರಡೂ ತುದಿಗೆ ಹೊಳೆಯುವ ತಲೆ ಕೂರಿಸಿದರು. ಒಂದು ಪವರ್ ಬ್ಯಾಂಕಿನ ಡಬ್ಬಿಯಲ್ಲಿ ಮಡಿಚಿಟ್ಟು ಗದಗಿಗೆ ಕಳಿಸಿದರು. ಪವರ್ ಬ್ಯಾಂಕಿನ ಜೊತೆ ನಾನು ಪುಕ್ಕಟೆ ಎಂದು ಅಂಗಡಿಯವನು ಹೇಳುತ್ತಿದ್ದ. ತಪ್ಪು ತಿಳಿದಿದ್ದ, ಪಾಪ. ನನ್ನ ಜೊತೆ ಅದು ಪುಕ್ಕಟೆ.

ಮೊದಲು ಒಬ್ಬ ಟೆಂಪೋ ಚಾಲಕನ ಕೈಗೆ ಬಿದ್ದೆ. ಎರಡು ವರ್ಷ ಆ ಟೆಂಪೋ ಡೀಸೆಲ್ಲಿನಿಂದಲ್ಲ, ನನ್ನ ಬಲದಿಂದ ಓಡಿತು. ಒಂದು ದಿನ ಆತ ಮುಂಡರಗಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಖಾದರಸಾಬನ ಅಂಗಡಿಯಲ್ಲಿ ನನ್ನನ್ನು ಮರೆತುಹೋದ. ಖಾದರಸಾಬ ನನ್ನನ್ನು ಇಂದುಮತಿಗೆ ಕೊಟ್ಟ.

ಇಂದುಮತಿ ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯವಳು. ಬಿಡುವಿದ್ದಾಗ ಕಂಪ್ಯೂಟರಿನಲ್ಲಿ ಕೋಡ್ ಬರೆಯುವುದನ್ನು ತಾನೇ ಕಲಿತಿದ್ದಳು. ಅವಳ ಅಣ್ಣ ಫಕ್ಕೀರಪ್ಪ ಮೂವತ್ತು ವರ್ಷ ಸುತ್ತಲಿನ ಊರುಗಳ ಕಬಡ್ಡಿಗೆ ಮೈಕಿನಲ್ಲಿ ವಿವರಣೆ ಹೇಳಿದವನು. ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ದನಿ ಹೋಗಿತ್ತು. ಹೇಳಬೇಕಾದ್ದನ್ನು ಸ್ಲೇಟಿನ ಮೇಲೆ ಬರೆಯುತ್ತಿದ್ದ. ಸಿಟ್ಟು ಬಂದರೆ ಕೊರಳಿಗೆ ತೂಗುಹಾಕಿಕೊಂಡ ಸೀಟಿ ಊದುತ್ತಿದ್ದ. ಅವನ ಫೋನಿನಲ್ಲಿ ಹಳೆಯ ಪಂದ್ಯಗಳ ರೆಕಾರ್ಡಿಂಗ್ ಇದ್ದವು. ಅವುಗಳಿಂದ ಎಂಟು ತುಣುಕು ಆರಿಸಿ, ನೆಟ್ಟಿನಲ್ಲಿ ಕಂಪ್ಯೂಟರಿಗೆ ಕಳಿಸಿಕೊಂಡು ಇಂದುಮತಿ ಒಂದು ಆ್ಯಪ್ ಕಟ್ಟಿದ್ದಳು. ಗುಂಡಿ ಒತ್ತಿದರೆ ಅಣ್ಣನ ದನಿಯಲ್ಲೇ "ರೇಡ್!", "ಹಿಡದ್ರೂ!", "ಬೋನಸ್!" ಎಂದು ಕೂಗಬೇಕು. ಅವತ್ತು ನಾಲ್ಕಕ್ಕೆ ಫೈನಲ್. ವರ್ಷದ ಮೇಲೆ ಫಕ್ಕೀರಪ್ಪ ಮತ್ತೆ ಮೈಕಿನ ಮುಂದೆ ಕೂರುವವನಿದ್ದ.

ಆ್ಯಪ್ ಇದ್ದದ್ದು ಕಂಪ್ಯೂಟರಿನಲ್ಲಿ, ಹೋಗಬೇಕಾದ್ದು ಫೋನಿಗೆ. ಬೆಳಿಗ್ಗೆಯಿಂದ ಊರಿನಲ್ಲಿ ನೆಟ್ ಸತ್ತಿತ್ತು. ನಡುವೆ ಇದ್ದ ದಾರಿ ನಾನೊಬ್ಬನೇ!

ಹನ್ನೊಂದಕ್ಕೆ ನನ್ನ ಒಂದು ತಲೆ ಕಂಪ್ಯೂಟರಿಗೆ, ಇನ್ನೊಂದು ಫೋನಿಗೆ ಸೇರಿತು. ಫೋನು ಚಾರ್ಜ್ ಆಗತೊಡಗಿತು. ಕೋಡ್ ಬರೆಯುವ ಪರದೆ ಮಾತ್ರ "ಯಾವ ಫೋನೂ ಸಿಕ್ಕಿಲ್ಲ" ಎಂದಿತು. ಕಿತ್ತು ಮತ್ತೆ ಹಚ್ಚಿದಳು. ಸಿಕ್ಕಿಲ್ಲ. ಫೋನಿನ ಸೆಟ್ಟಿಂಗಿನಲ್ಲಿ ಒಂದು ಕಡೆ ಏಳು ಸಲ ಒತ್ತಿದರೆ "ಈಗ ನೀವು ಡೆವಲಪರ್" ಎಂದು ಬರುತ್ತದೆ. ಏಳು ಸಲ ಒತ್ತಿದಳು, ಡೆವಲಪರ್ ಆದಳು. ಫೋನು ಆಗಲೂ ಸಿಕ್ಕಿಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿದಳು. ಸಿಕ್ಕಿಲ್ಲ. ಒಂದು ಗಂಟೆಯ ಹೊತ್ತಿಗೆ ಆ ಪರದೆಗೆ ಬೈಯಲು ಅವಳ ಬಳಿ ಹೊಸ ಬೈಗುಳ ಉಳಿದಿರಲಿಲ್ಲ. ನಾನೂ ಮನಸ್ಸಿನಲ್ಲೇ ಕಂಪ್ಯೂಟರನ್ನು ಬೈದೆ. ನನ್ನಂಥವನನ್ನು ಕೊಟ್ಟರೂ ಬಳಸಲು ಬಾರದ ದಡ್ಡ!

ಎರಡಕ್ಕೆ ಖಾದರಸಾಬ ಸ್ಪೀಕರ್ ಗಾಡಿ ನಿಲ್ಲಿಸಿ ಒಳಗೆ ಬಂದ.

"ಏನವ್ವಾ ತಂಗಿ, ಆತಿಲ್ಲೋ? ಅಲ್ಲಿ ಮಂದಿ ಕೂಡಾಕತ್ತಾರ."

"ಆಗವಲ್ದು ಖಾದರಣ್ಣ. ಫೋನ್ ಹಚ್ಚಿದ್ರ, ಹಚ್ಚೇ ಇಲ್ಲ ಅಂತೈತಿ ಇದು."

"ಒಂದೀಟು ಊದಿ ನೋಡು."

"ಊದೂದಕ್ಕ ಇದೇನು ಒಲಿನಾ?"

ಆದರೂ ಊದಿದಳು. ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತಿದ್ದ ಫಕ್ಕೀರಪ್ಪ ಸ್ಲೇಟು ಎತ್ತಿ ತೋರಿಸಿದ: "ನಿನ್ನ ಕಂಪ್ಯೂಟರ್‌ಗಿಂತ ನನ್ನ ಸೀಟಿ ಚಲೋ."

"ಯಣ್ಣಾ, ಚಾಷ್ಟಿ ಮಾಡಬ್ಯಾಡ, ಅಳು ಬರಾಕತ್ತೈತಿ ನನಗ."

"ವೈರ್‌ದೇನರ ತಕರಾರು ಐತೇನವ್ವಾ?" ಎಂದ ಖಾದರಸಾಬ.

ನನ್ನ ಎದೆ ಧಸಕ್ಕೆಂದಿತು.

"ವೈರ್ ಚಲೋ ಐತಣ್ಣ. ಚಾರ್ಜ್ ಆಗಾಕತ್ತೈತಲ್ಲ, ನೂರಕ್ಕ ನೂರು!" ಎಂದಳು ಇಂದುಮತಿ.

ನೋಡಿ, ತಿಳಿದವರು ಹೀಗೆ ಮಾತಾಡುತ್ತಾರೆ.

ಮೂರೂಕಾಲಿಗೆ ಇಂದುಮತಿ ಸೋತು, ತಲೆ ಹಿಡಿದುಕೊಂಡು ಹೇಳಿದಳು: "ಫೋನೇ ಕೆಟ್ಟೈತಿ. ಎಲ್ಲಾ ಅಳಿಸಿ ಹೊಸದರ ಗತೆ ಮಾಡಿಬಿಡತೀನಿ. ಆವಾಗರ ಆದೀತು."

ಬೆರಳು ಅಳಿಸುವ ಗುಂಡಿಗೆ ತಾಗುವುದರೊಳಗೆ ಸೀಟಿ ಕಿವಿ ಹರಿಯುವಂತೆ ಕೂಗಿತು. ಫಕ್ಕೀರಪ್ಪ ಫೋನನ್ನು ಕಸಿದು ಎದೆಗೆ ಒತ್ತಿಕೊಂಡ. ಸ್ಲೇಟಿನ ಮೇಲೆ ಬರೆದ: "ನನ್ನ ದನಿ ಪೂರಾ ಇದರಾಗ ಐತಿ. ಮತ್ತೆಲ್ಲೂ ಇಲ್ಲ."

ಇಂದುಮತಿ ತನ್ನ ಬೆರಳನ್ನೇ ನೋಡುತ್ತ ಕೂತಳು. ಆಗ ಫಕ್ಕೀರಪ್ಪ ಸ್ಲೇಟು ಒರೆಸಿ, ಮೂವತ್ತು ವರ್ಷ ಮೈಕಿನಲ್ಲಿ ಹೇಳಿದ ಮಾತನ್ನೇ ಬರೆದ: "ಬದಲಿ ಆಟಗಾರನ್ನ ಇಳಸು." ಬರೆದು, ಬಳಪದ ತುದಿಯನ್ನು ನೇರ ನನ್ನ ಕಡೆ ಚಾಚಿದ.

ಖಾದರಸಾಬ ಗಾಡಿಯಿಂದ ಒಂದು ಕರಿ ಕೇಬಲ್ ತಂದ. ಮೂರು ಕಡೆ ಟೇಪು ಸುತ್ತಿದ್ದ ಗತಿಗೆಟ್ಟ ಮುದುಕ. ನನ್ನನ್ನು ಕಿತ್ತು ಅವನನ್ನು ಹಚ್ಚಿದರು. ಫೋನು ತಕ್ಷಣ ಟಿಣ್ ಎಂದಿತು. ಈ ಕಂಪ್ಯೂಟರನ್ನು ನಂಬಲೇ ಎಂದು ಕೇಳಿತು. ಫಕ್ಕೀರಪ್ಪನೇ "ಹೌದು" ಒತ್ತಿದ. ಎರಡು ನಿಮಿಷದಲ್ಲಿ ಆ್ಯಪ್ ಇಳಿಯಿತು. ಅವನು ಒಂದು ಗುಂಡಿ ಒತ್ತಿದ.

"ಹಿಡದ್ರೂ!" ಎಂದು ಅವನದೇ ದನಿ ಗರ್ಜಿಸಿತು. ಖಾದರಸಾಬ ಟೊಪ್ಪಿಗೆ ತೆಗೆದು ಕಣ್ಣು ಒರೆಸಿಕೊಂಡ. ಫಕ್ಕೀರಪ್ಪ ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ.

ಮೈದಾನಕ್ಕೆ ಹೊರಡುವ ಮೊದಲು ಇಂದುಮತಿ ಕತ್ತರಿ ತಂದು ನನ್ನ ಬಿಳಿ ಅಂಗಿಯನ್ನು ಒಂದು ಕಡೆ ಸೀಳಿದಳು. ಒಳಗೆ ನೋಡಿ, "ಹಾಳಾದ್ದು! ಎರಡ ಎಳಿ ಅದಾವ!" ಎಂದಳು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕರೆಂಟು ಸಾಗಿಸಲು ಎರಡು ಎಳೆ ಸಾಕು. ಮಾಹಿತಿ ಸಾಗಿಸಲು ಇನ್ನೆರಡು ಬೇಕು. ಖರ್ಚು ಉಳಿಯಲೆಂದು ಕಾರ್ಖಾನೆಯಲ್ಲಿ ನನಗೆ ಅವನ್ನು ಹಾಕಲೇ ಇಲ್ಲ. ಇದು ನನಗೆ ಹುಟ್ಟಿದಂದಿನಿಂದ ಗೊತ್ತಿತ್ತು. ಬೆಳಿಗ್ಗೆ ಹನ್ನೊಂದಕ್ಕೂ ಗೊತ್ತಿತ್ತು. ಅವಳ ಬೆರಳು ಆ ಗುಂಡಿಯ ಬಳಿ ಹೋದಾಗಲೂ ಗೊತ್ತಿತ್ತು. ಒಂದು ಅಕ್ಷರವನ್ನೂ ನಾನು ಎಂದೂ ಎಲ್ಲಿಗೂ ಮುಟ್ಟಿಸಿದವನಲ್ಲ. ಅವತ್ತು ಆ ಅಂಗಡಿಯಲ್ಲಿ ಮೂಗ ಇದ್ದದ್ದು ನಾನೊಬ್ಬನೇ.

ಈಗ ನಾನು ಝೆರಾಕ್ಸ್ ಮಷಿನ್ನಿನ ಹಿಂದೆ ಒಂದು ಮೊಳೆಗೆ ನೇತಾಡುತ್ತಿದ್ದೇನೆ. ಸೀಳಿದ ಜಾಗಕ್ಕೆ ಪಟ್ಟಿ ಸುತ್ತಿ ಇಂದುಮತಿ ಮೇಲೆ ಪೆನ್ನಿನಲ್ಲಿ ಬರೆದಿದ್ದಾಳೆ: "ಚಾರ್ಜಿಗೆ ಅಷ್ಟ." ಓದಿದವರು ನಗುತ್ತಾರೆ. ಬರೆದದ್ದು ನಿಜ.