ಹದಿನಾಲ್ಕನೇ ಗೀರು

"ಮುಬಿನಾ, ಈ ಬಕ್ಕಲು ಹೆಂಗ ಬಿಚ್ಚತೈತಿ? ಜಗ್ಗಿದಷ್ಟೂ ಬಿಗಿ ಆಗಾಕತ್ತೈತಿ."

ಪರದೆಯ ಆಚೆಯಿಂದ ಲಾಳೇಸಾಬ ಚಾಚಾನ ದನಿ. ಅಂಗಳದ ಮೂಲೆಯಲ್ಲಿ ಎರಡು ಚಾದರ ಕಟ್ಟಿ ಮರೆ ಮಾಡಿದ್ದರು. ಒಳಗೆ ಹಲಗೆಯ ಮೇಲೆ ಅಬ್ಬಾ. ಸ್ನಾನ ಮಾಡಿಸಲು ನಿಂತ ಮೂವರು ಗಂಡಸರು ಎಡಗಾಲಿಗೆ ಕಟ್ಟಿದ ಆಸರೆಯ ಕ್ಯಾಲಿಪರ್ ಬಿಚ್ಚಲಾಗದೆ ಸೋತಿದ್ದರು.

"ಜಗ್ಗಬ್ಯಾಡ್ರಿ ಚಾಚಾ. ಮದಲ ಒಳಗ ಒತ್ರಿ, ಆಮ್ಯಾಲ ಮ್ಯಾಲಕ್ಕ ಎತ್ರಿ."

ಟಕ್ ಎಂದಿತು.

"ಇನ್ನೂ ಎರಡು ಅದಾವಲ್ಲ!"

"ಮೂರೂ ಹಂಗರಿ."

"ನಮ್ಮಣ್ಣ ಬಕ್ಕಲು ಮಾಡ್ಯಾನೊ, ತಿಜೋರಿ ಮಾಡ್ಯಾನೊ." ಒಳಗೆ ಯಾರೋ ಕಿಸಕ್ಕನೆ ನಕ್ಕು, ಕೂಡಲೇ ಕೆಮ್ಮಿದಂತೆ ಮಾಡಿದರು.

ಪರದೆಯ ಕೆಳಗಿನಿಂದ ಕ್ಯಾಲಿಪರ್ ಹೊರಗೆ ಬಂತು. ಎರಡು ಉಕ್ಕಿನ ಪಟ್ಟಿ, ಮೂರು ಚರ್ಮದ ಬೆಲ್ಟು, ಮೊಣಕಾಲಿಗೊಂದು ಕೀಲು, ಕೆಳಗೆ ಕರಿ ಬೂಟು. ಮುಬಿನ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತನ್ನ ಮೂವತ್ತೊಂದು ವರ್ಷದಲ್ಲಿ ಅದನ್ನು ಹೀಗೆ ಬರಿದಾಗಿ ಕಂಡದ್ದು ಇದೇ ಮೊದಲು. ಪೋಲಿಯೊ ತಿಂದ ಕಾಲನ್ನು ಅಬ್ಬಾ ಮಕ್ಕಳೆದುರು ತೋರಿಸಿದವರಲ್ಲ. ಬೂಟಿನವರೆಗೆ ಇಳಿಬಿದ್ದ ದೊಗಳೆ ಪಾಯಿಜಾಮ. ಕೀಲಿಗೆ ಎಣ್ಣೆ ಬಿಡುವುದಕ್ಕೂ ಕದ ಹಾಕಿಕೊಳ್ಳುತ್ತಿದ್ದರು. ಇವತ್ತು ನಸುಕಿನ ನಮಾಜು ಮುಗಿಸಿ, ಅಂಗಡಿ ತೆಗೆದು, ಸ್ಟೂಲಿನ ಮೇಲೆ ಕೂತವರು ಹಾಗೆಯೇ ಗೋಡೆಗೆ ಒರಗಿದ್ದರು.

ಬಾಗಿಲಲ್ಲಿ ಕೂತಿದ್ದ ಅಮ್ಮ ಜನ್ನತಬಿ ಬೂಟನ್ನೇ ನೋಡಿದಳು. "ಅದನ್ನೂ ಜೋಡಿ ಇಡ್ರಿ. ಅದಿಲ್ಲದ ಅವರು ಹೊಸ್ತಿಲಾ ದಾಟಿದವರಲ್ಲ."

"ಭಾಬಿ, ಕಫನ್ ಬಿಟ್ರ ಏನೂ ಜೋಡಿ ಬರಂಗಿಲ್ಲ." ಚಾಚಾ ಪರದೆ ಸರಿಸಿ ಮುಖವಷ್ಟೇ ತೋರಿಸಿದ. "ಇವತ್ತು ನಾವ ಹೊತಗೊಂಡು ಹೋಗ್ತೇವಿ. ನಡಿಯೂ ಕೆಲಸ ಇಲ್ಲ ಅವಂಗ." ಆಮೇಲೆ ಮುಬಿನಳಿಗೆ ಮೆತ್ತಗೆ ಹೇಳಿದ: "ಅಂಗಡ್ಯಾಗ ಒಯ್ದಿಡು. ಕಣ್ಣಿಗೆ ಬಿದ್ದಾಗೊಮ್ಮೆ ಭಾಬಿ ಅಳ್ತಾಳು. ಸಂಜಿಕ ನಾ ಒಯ್ದು ಹೊಳಿಗೆ ಬಿಡ್ತೇನಿ."

ಅಂಗಡಿಯೆಂದರೆ ಮನೆಯ ಮುಂದಿನ ಪಡಸಾಲೆ; ಸೊರಗಿದ ಕಾಲಿನ ಮಕ್ಕಳಿಗೆ ಅಬ್ಬಾ ಇಂಥವೇ ಪಟ್ಟಿ ಮಾಡಿಕೊಡುತ್ತಿದ್ದ ಜಾಗ. ಮುಬಿನ ಕ್ಯಾಲಿಪರನ್ನು ಗೋಡೆಗೆ ಒರಗಿಸಿ ತಿರುಗುವಷ್ಟರಲ್ಲಿ ಕಟ್ಟೆಯ ಕೆಳಗೆ ಒಬ್ಬ ಹೆಂಗಸು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ತಂಗಡಗಿಯ ರೇಣವ್ವ. ಓಣಿಯ ಜನ, ಬಿಳಿ ಟೋಪಿಗಳು, ಕಲ್ಲಿಗೆ ಒರಗಿಸಿಟ್ಟ ಹೆಣ ಹೊರುವ ಡೋಲಿ ನೋಡಿ ಅವಳು ಕಟ್ಟೆ ಹತ್ತಿರಲಿಲ್ಲ.

"ಅಜ್ಜಾರರಿ?"

ಮುಬಿನ ತಲೆಯಾಡಿಸಿದಳು.

"ಗುರುವಾರ ಬಾ ಅಂದಿದ್ರು..." ರೇಣವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ನಾ ಹೊಳ್ಳಿ ಹೋಗ್ತೇನ್ರಿ. ಇವತ್ತು ಕೇಳಬಾರದು."

"ಮತ್ತ ಯಾವಾಗ ಬರ್ತೀರಿ?"

"ನಾಳೆ ನಸುಕಿನ್ಯಾಗ ಟ್ರ್ಯಾಕ್ಟರ್ ಹೊಂಡತೈತ್ರಿ, ಕಬ್ಬು ಕಡ್ಯಾಕ. ನಮ್ಮ ಮನಿಯವರು ಗಂಟು ಕಟ್ಟಾಕತ್ತಾರ್ರಿ. ಇನ್ನ ಬರೂದು ಯುಗಾದಿಗೇನ."

ಐದು ತಿಂಗಳು. ಸೊಂಟದ ಮೇಲಿದ್ದ ಕೋಮಲಳಿಗೆ ನಾಲ್ಕು ವರ್ಷ. ಬಲಗಾಲು ದಾರದಂತೆ ತೂಗುತ್ತಿತ್ತು. ಮಗು ಈ ಚಳಿಗಾಲದಲ್ಲಿ ಎದ್ದು ನಿಂತರೆ ನಿಂತಿತು, ತಡವಾದರೆ ಮೊಣಕಾಲು ಮಡಿಚಿಕೊಂಡೇ ಬಿಗಿಯುತ್ತದೆ ಎಂದು ಅಬ್ಬಾ ಎರಡು ವಾರದ ಹಿಂದೆ ಹೇಳಿದ್ದನ್ನು ಮುಬಿನ ಕೇಳಿಸಿಕೊಂಡಿದ್ದಳು. ಮಗುವಿನ ಕಾಲಿಗೆ ಮಾಡಿದ ಪಟ್ಟಿ ಗೂಟಕ್ಕೆ ತೂಗುತ್ತಿತ್ತು. ಉಕ್ಕು ಬಗ್ಗಿಸಿಯಾಗಿತ್ತು, ಚರ್ಮ ಹೊಲಿದಾಗಿತ್ತು. ಮೊಣಕಾಲಿನ ಕೀಲು ಕೂರಿಸುವುದೊಂದೇ ಬಾಕಿ.

"ಸಂಜಿ ತನಕಾ ಕುಂದರ್ರಿ," ಎಂದಳು ಮುಬಿನ.

ಪಕ್ಕದ ಮನೆಯ ಅಲ್ಮಾಸ ಅನ್ನದ ಬುಟ್ಟಿ ಇಳಿಸುತ್ತ ಹುಬ್ಬೇರಿಸಿದಳು. "ಹೆಣ ಎತ್ತೂಕಿಂತ ಮದಲ ಸುತ್ತಿಗಿ ಹಿಡೀತಿ ಏನ?"

"ಎತ್ತಿದ ಮ್ಯಾಲ ಹಿಡೀತೇನಿ."

ಹೇಳಿದ ಮೇಲೆ ತನ್ನ ದನಿ ತನಗೇ ದೊಡ್ಡದಾಗಿ ಕೇಳಿಸಿತು. ಕೀಲು ಕೂರಿಸುವ ಕೆಲಸಕ್ಕೆ ಅವಳು ಮೂರು ವರ್ಷದಿಂದ ಕೈ ಹಾಕಿರಲಿಲ್ಲ.

*

ಆಗ ಇಂಡಿಯಿಂದ ಒಂದು ಹುಡುಗಿ ಬಂದಿತ್ತು. ಅಬ್ಬಾನಿಗೆ ಜ್ವರ. ಮುಬಿನಳೇ ಟೇಪು ಹಿಡಿದು ಅಳೆದಳು, ಕೀಲು ಕೂರಿಸಿದಳು, ಬೆನ್ನು ತಟ್ಟಿಕೊಂಡಳು. ಎಂಟು ದಿನಕ್ಕೆ ಫೋನು ಬಂತು: ಬಸ್ಸಿನಲ್ಲಿ ಕೂತಾಗ ಕೀಲು ತೊಡೆಯ ಮಾಂಸ ಕಚ್ಚಿ ರಕ್ತ ಬಂದಿದೆ. ಕೀಲು ಒಂದು ಬೆರಳಿನಷ್ಟು ಮೇಲೆ ಕೂತಿತ್ತು.

ಅಬ್ಬಾ ಬೈಯಲಿಲ್ಲ. ತಾವೇ ಇಂಡಿಗೆ ಹೋಗಿ ಪಟ್ಟಿ ತಂದು, ರಿವೆಟ್ಟು ಕಿತ್ತು, ಮತ್ತೆ ಕೂರಿಸಿದರು.

"ಸರಿಯಾಗೇ ಅಳದಿದ್ದೆ ಅಬ್ಬಾ."

"ಟೇಪು ಸರಿ ಐತಿ. ಕೂಸು ಅಂಜಿತ್ತು. ಅಂಜಿದ ಕಾಲು ಕುಗ್ಗತೈತಿ, ಸೆಟೀತೈತಿ, ಹೆಂಗ್ಯಾರ ಆಗತೈತಿ."

ಅವರು ಟೇಪು ಮುಟ್ಟುತ್ತಲೇ ಇರಲಿಲ್ಲ. ಮಗುವನ್ನು ಹತ್ತಿರ ಕರೆದು, "ಬಾ, ನನ್ನ ಬೂಟಿನ ಬಾಜೂ ನಿಲ್ಲು. ಯಾರು ಎತ್ತರ ನೋಡೂಣು," ಎನ್ನುತ್ತಿದ್ದರು. ಮಗು ಪಾಯಿಜಾಮ ಹಿಡಿದು ನಿಲ್ಲುತ್ತಿತ್ತು. ಅಬ್ಬಾ ಒಂದು ಕೈಯಲ್ಲಿ ಅದರ ತಲೆ ಸವರುತ್ತ, ಇನ್ನೊಂದು ಕೈಯ ಹೆಬ್ಬೆರಳು ತಮ್ಮ ತೊಡೆಯ ಮೇಲೆ ಆಡಿಸುತ್ತ, ಯಾವುದೋ ಅಂಕಿ ಹೇಳುತ್ತಿದ್ದರು. ಕಣ್ಣಳತೆ ಎಂದುಕೊಂಡಿದ್ದಳು ಮುಬಿನ.

ಉಳಿದದ್ದೂ ಹಾಗೆಯೇ, ಎಲ್ಲ ಮನೆಯಲ್ಲೇ ಹುಟ್ಟಿದ್ದು. ಉಕ್ಕು ಬಗ್ಗಿಸುವ ಹಿಡಿಕೆ ಮುರಿದ ಜೀಪಿನ ಕಮಾನು ಪಟ್ಟಿಯದು. ಚರ್ಮಕ್ಕೆ ತೂತು ಹೊಡೆಯುವ ಉಳಿ ಛತ್ರಿಯ ಕೊಳವೆಯದು. ಎಳೆ ತೊಡೆಯ ಗಾತ್ರಕ್ಕೆ ಚರ್ಮ ಸುತ್ತಿ ಒಣಗಿಸುತ್ತಿದ್ದದ್ದು ಅಮ್ಮನ ಲಟ್ಟಣಿಗೆಗೆ. "ನನ್ನ ಮೂರು ಲಟ್ಟಣಿಗಿ ನುಂಗ್ಯಾರ ಇವರು," ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಮೇಜು ಮಾತ್ರ ಇರಲಿಲ್ಲ. ಅಬ್ಬಾ ಎಡಗಾಲು ಚಾಚಿ, ಪಾಯಿಜಾಮದ ಮೇಲೆಯೇ ಹೊಸ ಪಟ್ಟಿ ಮಲಗಿಸಿ ಗುರುತು ಹಾಕುತ್ತಿದ್ದರು. "ಯಾಕೂಬಸಾಬನ ಕಾಲ ಅವನ ಟೇಬಲ್ಲು," ಎಂದು ಓಣಿ ನಗುತ್ತಿತ್ತು.

*

ಮಧ್ಯಾಹ್ನದ ನಮಾಜಿಗೆ ಡೋಲಿ ಎದ್ದಿತು. ಗಂಡಸರೆಲ್ಲ ಹಿಂದೆ ಹೋದರು. ಮನೆಯಲ್ಲಿ ಹೆಂಗಸರಷ್ಟೇ ಉಳಿದರು. ಅಮ್ಮ ಬಹಳ ಹೊತ್ತು ಓಣಿಯ ತಿರುವು ನೋಡುತ್ತ ಕೂತಿದ್ದು, "ಹೋಗ ಮುಬಿನಾ," ಎಂದಳು. "ಅವರ ಬಸ್ಸು ಐದಕ್ಕ."

ಗೂಟದಿಂದ ಇಳಿಸಿದ ಪಟ್ಟಿಗೆ ಒಂದು ಚೀಟಿ ಕಟ್ಟಿತ್ತು. ಅಬ್ಬಾನ ಅಕ್ಷರ: ಕೋಮಲ. ಮೊಣಕಾಲು 14, ತೊಡೆ 23.

ಹದಿನಾಲ್ಕು ಏನು? ಟೇಪಿನ ಹದಿನಾಲ್ಕು ಇಂಚು ಹಿಡಿದರೆ ಮಗುವಿನ ತೊಡೆಯ ನಡುವಿಗೆ ಬರುತ್ತದೆ. ಹದಿನಾಲ್ಕು ಸೆಂಟಿಮೀಟರು ಮೀನಖಂಡವನ್ನೂ ದಾಟುವುದಿಲ್ಲ. ಕಾಲನ್ನೇ ಅಳೆಯೋಣವೆಂದು ಟೇಪು ಬಿಚ್ಚಿದಳು. ಕೋಮಲ ಚೀರಿ ಎರಡೂ ಕಾಲು ಎದೆಗೆ ಎಳೆದುಕೊಂಡಳು.

"ದವಾಖಾನ್ಯಾಗ ಟೇಪು ಹಿಡದವರೆಲ್ಲ ಆಮ್ಯಾಲ ಸೂಜಿ ಚುಚ್ಯಾರ್ರಿ," ಎಂದು ರೇಣವ್ವ ಮಗಳ ಬೆನ್ನು ಸವರಿದಳು. "ಅಂದಾಜಿನ ಮ್ಯಾಲ ಹಾಕ್ರೆವಾ. ಏನೂ ಇಲ್ಲದ್ದಕ್ಕಿಂತ ಬೇಸಿ."

"ಟೇಪು ಹಿಡದು ಹಾಕೀನ ಒಂದು ಕೂಸಿನ ತೊಡಿ ಕೊಯ್ದೇನಿ ನಾ. ಅಂದಾಜು ಬ್ಯಾಡ."

ಮೂರೂವರೆ ಆಯಿತು. ಮುಬಿನ ಟೇಪು ಸುತ್ತಿಟ್ಟಳು. ಕೈಗೆ ಏನಾದರೂ ಬೇಕಿತ್ತು. ಗೋಡೆಗೆ ಒರಗಿದ್ದ ಅಬ್ಬಾನ ಕ್ಯಾಲಿಪರ್ ಎತ್ತಿಕೊಂಡು, ಹೊಳೆಗೆ ಹೋಗುವ ಮುಂಚೆ ಧೂಳಾದರೂ ಒರೆಸೋಣವೆಂದು ಸೆರಗಿನ ತುದಿಯಿಂದ ಹೊರಪಟ್ಟಿ ಒರೆಸತೊಡಗಿದಳು.

ಬಟ್ಟೆ ತಡೆಯಿತು. ಮತ್ತೆ ತಡೆಯಿತು.

ಬೆಳಕಿಗೆ ಹಿಡಿದು ನೋಡಿದಳು. ಪಟ್ಟಿಯ ಅಂಚಿನುದ್ದಕ್ಕೂ ಅರದಿಂದ ಉಜ್ಜಿದ ಸಣ್ಣ ಗೀರುಗಳು. ಬೂಟಿನ ಹಿಮ್ಮಡಿಯಿಂದ ಶುರುವಾಗಿ ಸಮ ಅಂತರದಲ್ಲಿ ತೊಡೆಯವರೆಗೆ. ಐದಕ್ಕೊಂದು ಆಳ. ಕೆಲವು ಸವೆದು ನುಣ್ಣಗಾಗಿದ್ದವು. ಬಟ್ಟೆಯ ಮೇಲಿಂದಲೂ ಹೆಬ್ಬೆರಳಿಗೆ ಸಿಗುವಂತೆ ಉಜ್ಜಿದ್ದು.

ಅಬ್ಬಾ ಹೇಳುತ್ತಿದ್ದ ಅಂಕಿ ಕಣ್ಣಳತೆಯಲ್ಲ, ಈ ಗೀರುಗಳ ಎಣಿಕೆ. ಇಷ್ಟು ವರ್ಷ ಅವಳು ಒಂದು ಮಾರು ದೂರದಲ್ಲಿ ಚರ್ಮ ಹೊಲಿಯುತ್ತ ಕೂತಿದ್ದಳು.

ಹೊರಗೆ ಚಪ್ಪಲಿ ಸದ್ದಾಯಿತು. ಗಂಡಸರು ಮರಳಿದ್ದರು. ಕೈ ತೊಳೆಯುವ ಮುಂಚೆ ಚಾಚಾ ಅಂಗಡಿಗೆ ಇಣುಕಿದ. "ಮಣ್ಣು ಕೊಟ್ಟು ಬಂದ್ವಿ. ಕೊಡು ಅದನ್ನ, ಬೆಳಕಿದ್ದಾಗ ಹೊಳಿಗೆ ಹೋಗಿ ಬರ್ತೇನಿ."

"ಹೊಳಿಗೆ ಬ್ಯಾಡ್ರಿ. ಇಲ್ಲಿ ಬರ್ರಿ, ಇದನ್ನ ನೆಟ್ಟಗ ಹಿಡೀರಿ."

"ಹೆಂಗ ಹಿಡೀಲಿ?"

"ಅಬ್ಬಾ ನಿಂತಂಗ."

ಲಾಳೇಸಾಬ ಅವಳ ಮುಖ ನೋಡಿದ. ಕುಕ್ಕರುಗಾಲಲ್ಲಿ ಕೂತು, ಕೀಲು ಮಡಿಚದಂತೆ ಅದರ ಬಳೆ ಇಳಿಸಿ, ತೊಡೆಯ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದ. ಬೂಟು ನೆಲಕ್ಕೆ ಊರಿತು.

ಮುಬಿನ ಮಗುವಿನ ಕಡೆ ತಿರುಗಿದಳು. "ಬಾ ಕೋಮಲಾ. ಬೂಟಿನ ಬಾಜೂ ನಿಲ್ಲು. ಯಾರು ಎತ್ತರ ನೋಡೂಣು."

ಕೋಮಲ ಬೂಟು ನೋಡಿದಳು. ಅದರ ಮೇಲೆ ಖಾಲಿಯಾಗಿ ನಿಂತ ಪಟ್ಟಿಗಳನ್ನು ನೋಡಿದಳು. ಅವ್ವನ ತೊಡೆಯಿಂದ ಜಾರಿ, ನೆಲ ಹಿಡಿದು ತೆವಳಿ ಬಂದು, ಮೇಲಕ್ಕೆ ಕೈ ಚಾಚಿದಳು. ರೇಣವ್ವ ರಟ್ಟೆಗೆ ಕೈ ಕೊಟ್ಟಳು. ಮಗು ನಡುವಿನ ಬೆಲ್ಟನ್ನು ಮುಷ್ಟಿಯಲ್ಲಿ ಹಿಡಿದು, ಬಲಪಾದವನ್ನು ಕರಿ ಬೂಟಿಗೆ ತಾಗಿಸಿ ಇಟ್ಟು, ಕಾಲು ನೆಟ್ಟಗೆ ಮಾಡಿ ನಿಂತಿತು.

ಮುಬಿನ ಒಂದು ಕೈಯಲ್ಲಿ ಅದರ ತಲೆ ಸವರಿದಳು. ಇನ್ನೊಂದು ಕೈಯ ಹೆಬ್ಬೆರಳು ಹಿಮ್ಮಡಿಯಿಂದ ಮೇಲಕ್ಕೆ ಹೊರಟಿತು. ಐದು. ಹತ್ತು. ಚಾಚಾನ ಬೆರಳುಗಳಿಂದ ಒಣಗಿದ ಕರಿಮಣ್ಣು ಉದುರಿ ಬೂಟಿನ ಮೇಲೆ ಬಿತ್ತು. ಮಗುವಿನ ಮೊಣಕಾಲಿನ ನಡುವಿಗೆ ಬಂದು ಹೆಬ್ಬೆರಳು ನಿಂತಾಗ, ಅದರ ಅಡಿಯಲ್ಲಿ ಹದಿನಾಲ್ಕನೇ ಗೀರು ಸವೆದು ನುಣ್ಣಗಿತ್ತು.